ಮರಳಿಗೆ ಬರವಿಲ್ಲ, ಚಿಪ್‌ಗೆ ಬರ

ಕೊಡಚಾದ್ರಿಯಲ್ಲಿ ಹುಟ್ಟಿ, ಕೊಲ್ಲೂರನ್ನು ಹಾದು, ಮರವಂತೆಯಲ್ಲಿ ಕಡಲಿನ ಮಗ್ಗುಲಿಗೇ ಬಂದು, ಗಂಗೊಳ್ಳಿಯ ಬಳಿ ಅರಬ್ಬಿ ಸಮುದ್ರವನ್ನು ಸೇರುವ ಸೌಪರ್ಣಿಕಾ ನದಿ ದಾರಿಯುದ್ದಕ್ಕೂ ಮರಳು ಹಾಸುತ್ತ ಹೋಗುತ್ತದೆ. ಆ ಮರಳಿನ ಬಹುಪಾಲು ಸಿಲಿಕ. ಅಂದರೆ ಸಿಲಿಕಾನ್ ಹಾಗೂ ಆಮ್ಲಜನಕದ ಸಂಯುಕ್ತ. ಕಂಪ್ಯೂಟರು, ಮೊಬೈಲು, ಟಿ.ವಿ.ಗೆ ಜೋಡಿಸಿ ಮಕ್ಕಳು ಆಡುವ ವಿಡಿಯೊ ಆಟದ ಯಂತ್ರ, ಇವೆಲ್ಲದರ ಮಿದುಳಾದ ಚಿಪ್‌ಗೂ ಮೂಲ ಇದೇ ಸಿಲಿಕಾನ್. ಭೂಮಿಯ ಹೊರಪದರದಲ್ಲಿ ಆಮ್ಲಜನಕವನ್ನು ಬಿಟ್ಟರೆ ಅತಿ ಹೆಚ್ಚಾಗಿರುವ ಮೂಲವಸ್ತು ಅದು. ಹೀಗಿದ್ದೂ ಜಗತ್ತಿಗೆ ಆಗಾಗ ಚಿಪ್‌ಗಳ ಕೊರತೆ ತಟ್ಟುವುದೇಕೆ?

ಉತ್ತರವಿರುವುದು ಕಾರ್ಖಾನೆಯಲ್ಲಿ. ಆಯ್ದ ಬೆಣಚುಕಲ್ಲಿನಿಂದ ಸಿಲಿಕಾನನ್ನು ಬೇರ್ಪಡಿಸಿ, ಶೇಕಡಾ 99.9999999ರಷ್ಟು ಶುದ್ಧಗೊಳಿಸಿ, ತೆಳುವಾದ ಬಿಲ್ಲೆಗಳಾಗಿ ಕತ್ತರಿಸಬೇಕು. ಆ ಬಿಲ್ಲೆಯ ಮೇಲೆ ನೂರಾರು ಹಂತಗಳಲ್ಲಿ ವಿದ್ಯುನ್ಮಂಡಲ ಮೂಡಿಸಲು ಸುಮಾರು ಮೂರು ತಿಂಗಳು ಬೇಕು. ಹೊಸ ಕಾರ್ಖಾನೆ ಕಟ್ಟಲು ಸಾವಿರಾರು ಕೋಟಿ ರೂಪಾಯಿ, ಹಲವು ವರ್ಷ ಹಿಡಿಯುತ್ತದೆ. ಅಡಕೆಗೆ ಬೆಲೆ ಬಂತೆಂದು ಇಂದು ಸಸಿ ನೆಟ್ಟರೆ ಈ ವರ್ಷವೇ ಕೊಯಿಲು ಸಿಗುವುದೆ? ಚಿಪ್‌ನ ಕಥೆಯೂ ಅಷ್ಟೇ.

ಆಟದ ಯಂತ್ರಗಳಿಗೆ ಈ ಕೊರತೆ ಹೊಸದಲ್ಲ. 1988ರಲ್ಲಿ ನೆನಪಿನ ಚಿಪ್‌ಗಳು ಸಾಲದೆ ಅಮೆರಿಕದಲ್ಲಿ ನಿಂಟೆಂಡೊ ಕಂಪನಿಯ ಆಟಗಳು ತಡವಾದವು. 2020ರ ನವೆಂಬರಿನಲ್ಲಿ ಸೋನಿಯ ಪ್ಲೇಸ್ಟೇಷನ್ 5 ಬಂದಾಗ ಕೊರೊನಾ ಕಾಲ. ಮನೆಯಲ್ಲೇ ಉಳಿದ ಜನ ಕಂಪ್ಯೂಟರು, ಟಿ.ವಿ. ಕೊಂಡರು, ಮೊದಲು ಚಿಪ್ ಬೇಡವೆಂದಿದ್ದ ಕಾರು ತಯಾರಕರೂ ಮತ್ತೆ ಸರದಿಗೆ ಬಂದು ನಿಂತರು. ಭಾರತದಲ್ಲಿ 2021ರ ಫೆಬ್ರವರಿ 2ರಂದು 49,990 ರೂಪಾಯಿಗೆ ಬಿಡುಗಡೆಯಾದ ಈ ಯಂತ್ರ ಮುಂಗಡ ಕಾದಿರಿಸುವಿಕೆಯಲ್ಲೇ ನಿಮಿಷಗಳಲ್ಲಿ ಮುಗಿದುಹೋಯಿತು. ಅಭಾವ ನೀಗಿತೆಂದು ಸೋನಿ ಹೇಳಿದ್ದು 2023ರ ಜನವರಿಯಲ್ಲಿ.

ಇದರಲ್ಲಿ ಕರ್ನಾಟಕದ ಪಾಲೂ ಉಂಟು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಂದಿನಿಂದ ನಗರ ಚಿಪ್ ವಿನ್ಯಾಸದ ನೆಲೆಯಾಗಿದೆ. ಪ್ಲೇಸ್ಟೇಷನ್ 5ರ ಮುಖ್ಯ ಚಿಪ್ ರೂಪಿಸಿದ ಎಎಂಡಿ ಕಂಪನಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರಲ್ಲಿ ತೆರೆದದ್ದು ಇಲ್ಲೇ. ರಾಜೇಶ್ ರಾವ್ 1997ರಲ್ಲಿ ಸ್ಥಾಪಿಸಿದ ಬೆಂಗಳೂರಿನ ಧ್ರುವ ಇಂಟರ್‌ಆಕ್ಟಿವ್ ದೇಶದ ಮೊದಮೊದಲ ವಿಡಿಯೊ ಆಟದ ಕಂಪನಿಗಳಲ್ಲೊಂದು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಗೇಮ್ಸ್ ಕೊಂಡುಕೊಂಡಿತು. ವಿನ್ಯಾಸದ ಬುದ್ಧಿ, ಆಟದ ಚಿತ್ರಕಲೆ ನಮ್ಮಲ್ಲಿದ್ದರೂ ಚಿಪ್ ತಯಾರಾಗುವುದು ದೂರದ ತೈವಾನಿನಲ್ಲಿ. 2024ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ನೀಡಿದ ಗುಜರಾತಿನ ಧೋಲೇರಾ ಕಾರ್ಖಾನೆಯ ಗುರಿ 28 ನ್ಯಾನೊಮೀಟರ್ ಮತ್ತು ಅದಕ್ಕೂ ಹಳೆಯ ಬಗೆಯ ಚಿಪ್‌ಗಳು. ಪ್ಲೇಸ್ಟೇಷನ್ 5ರ ಮುಖ್ಯ ಚಿಪ್ ಮೊದಲು ತಯಾರಾದದ್ದೇ 7 ನ್ಯಾನೊಮೀಟರಿನಲ್ಲಿ.

ಈಗಿನ ಬಿಕ್ಕಟ್ಟು ಬೇರೆ ಬಗೆಯದು. ಪ್ಲೇಸ್ಟೇಷನ್ 5ಕ್ಕೆ 16 ಗಿಗಾಬೈಟ್ ನೆನಪಿನ ಚಿಪ್‌ಗಳು ಬೇಕು. ಜಗತ್ತಿನ ನೆನಪಿನ ಚಿಪ್‌ಗಳ ಬಹುಪಾಲು ತಯಾರಿಸುವುದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರೇ ಕಂಪನಿಗಳು. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಹೆಚ್ಚು ಹಣ ಕೊಟ್ಟು ಕೊಳ್ಳುತ್ತಿರುವುದರಿಂದ ಈ ಕಂಪನಿಗಳು ಅತ್ತ ಹೊರಳಿವೆ. 2025ರ ಕೊನೆಯಲ್ಲಿ ನೆನಪಿನ ಚಿಪ್‌ಗಳ ಬೆಲೆ ತೀವ್ರವಾಗಿ ಏರಿತು.

ಇದರಿಂದ ಹಳೆಯ ಲೆಕ್ಕಾಚಾರವೇ ತಲೆಕೆಳಗಾಗಿದೆ. ಆಟದ ಯಂತ್ರ ಹಳತಾದಂತೆ ಅಗ್ಗವಾಗುವುದು ವಾಡಿಕೆಯಾಗಿತ್ತು. 2000ದಲ್ಲಿ ಅಮೆರಿಕದಲ್ಲಿ 299 ಡಾಲರಿಗೆ ಬಂದ ಪ್ಲೇಸ್ಟೇಷನ್ 2, 2009ರ ಹೊತ್ತಿಗೆ 99 ಡಾಲರಿಗಿಳಿದಿತ್ತು. ಒಂದೆರಡು ವರ್ಷ ಕಾದರೆ ಮಧ್ಯಮ ವರ್ಗದ ಮನೆಗೂ ಅದು ಎಟುಕುತ್ತಿತ್ತು. ಪ್ಲೇಸ್ಟೇಷನ್ 5 ಮಾತ್ರ 2022ರ ನವೆಂಬರಿನಲ್ಲಿ ಭಾರತದಲ್ಲಿ 54,990 ರೂಪಾಯಿಗೆ ಏರಿತು. ಅಮೆರಿಕದಲ್ಲೂ 2025ರಲ್ಲಿ 50 ಡಾಲರ್ ತುಟ್ಟಿಯಾಯಿತು. ಹಣದುಬ್ಬರ, ಸುಂಕಗಳ ಕೈವಾಡವೂ ಇದರಲ್ಲಿದೆ. ಆದರೆ ಚಿಪ್ ಅಗ್ಗವಾಗದೆ ಯಂತ್ರ ಅಗ್ಗವಾಗುವಂತಿಲ್ಲ.

ಮುಂದಿನ ಪೀಳಿಗೆಯ ಯಂತ್ರಗಳು ತಡವಾಗಿ ಬಂದಾವು, ಇಲ್ಲವೆ ದುಬಾರಿಯಾಗಿ ಬಂದಾವು. ಜನರ ಕೈಯಲ್ಲಿ ಹಳೆಯ ಯಂತ್ರವೇ ಉಳಿದರೆ ಆಟ ರೂಪಿಸುವವರೂ ಅದರ ಮಿತಿಯೊಳಗೇ ಕಲ್ಪಿಸಬೇಕಾಗುತ್ತದೆ. ಕಾದವರಿಗೆ ಅಗ್ಗವಾಗಿ ಸಿಗುತ್ತಿದ್ದ ಆಟಿಕೆ ಇನ್ನು ಮುಂದೆ ಕಾಯುವವರನ್ನೇ ದೂರವಿಟ್ಟೀತೆಂಬುದು ಈ ಕೊರತೆಯ ನಿಜವಾದ ಆತಂಕ.