ಕ್ರೀಡಾಂಗಣಗಳ ನಾಮಕರಣ ಹಕ್ಕು

ಕ್ರೀಡಾಂಗಣದ ನಾಮಕರಣ ಹಕ್ಕು ಎಂದರೆ ವಾಣಿಜ್ಯ ಸಂಸ್ಥೆಯೊಂದು ಹಣ ಪಾವತಿಸಿ, ನಿಗದಿತ ಅವಧಿಯವರೆಗೆ, ಕ್ರೀಡಾಂಗಣವೊಂದಕ್ಕೆ ತನ್ನ ಅಥವಾ ತನ್ನ ಉತ್ಪನ್ನದ ಹೆಸರನ್ನು ಇಡಲು ಒಪ್ಪಂದದ ಮೂಲಕ ಪಡೆಯುವ ಹಕ್ಕು. ಇದು ಪ್ರಾಯೋಜಕತ್ವದ ಒಂದು ಬಗೆ. ಕ್ರೀಡಾಂಗಣದ ಒಡೆತನ ಇದರಿಂದ ಬದಲಾಗುವುದಿಲ್ಲ; ಹೆಸರಿನ ಬಳಕೆ ಮಾತ್ರ ಪ್ರಾಯೋಜಕರಿಗೆ ದೊರೆಯುತ್ತದೆ. ಫುಟ್‌ಬಾಲ್, ಕ್ರಿಕೆಟ್, ಬೇಸ್‌ಬಾಲ್, ಬ್ಯಾಸ್ಕೆಟ್‌ಬಾಲ್ ಮುಂತಾದ ಕ್ರೀಡೆಗಳಲ್ಲಿ ಈ ಪದ್ಧತಿ ಬಳಕೆಯಲ್ಲಿದೆ. ಪ್ರಾಯೋಜಕರ ಹೆಸರು ಕ್ರೀಡಾಂಗಣದೊಡನೆ ಬೆಸೆದುಕೊಳ್ಳುವುದರಿಂದ, ಅವರ ಖ್ಯಾತಿ ಮತ್ತು ಅಪಖ್ಯಾತಿ ಎರಡೂ ಕ್ರೀಡಾಂಗಣಕ್ಕೆ ತಟ್ಟುತ್ತವೆ. ಕರ್ನಾಟಕದಲ್ಲಿ ಈ ಪದ್ಧತಿ ಕ್ರೀಡಾಂಗಣಗಳಿಗಿಂತ ಹೆಚ್ಚಾಗಿ ಬೆಂಗಳೂರಿನ ಮೆಟ್ರೊ ನಿಲ್ದಾಣಗಳ ಮೂಲಕ ಪರಿಚಿತವಾಗಿದೆ.

ಹಿನ್ನೆಲೆ

ಕ್ರೀಡಾಂಗಣಗಳಿಗೆ ಸ್ಥಳದ, ಅರಸರ, ಕ್ರೀಡಾಡಳಿತಗಾರರ ಅಥವಾ ಗಣ್ಯರ ಹೆಸರಿಡುವುದು ಹಳೆಯ ರೂಢಿ. ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದ ಹೆಸರು ಮೈಸೂರು ಅರಸ ರಣಧೀರ ಕಂಠೀರವನನ್ನು ನೆನಪಿಸುತ್ತದೆ. ಮೊದಲು ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಹೆಸರಿನಲ್ಲಿದ್ದ ಬೆಂಗಳೂರಿನ ಕ್ರಿಕೆಟ್ ಕ್ರೀಡಾಂಗಣಕ್ಕೆ ಆ ಸಂಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬರಾದ ಎಂ. ಚಿನ್ನಸ್ವಾಮಿಯವರ ಹೆಸರನ್ನು ಇಡಲಾಯಿತು. ಕೋಲಾರದ ಜಿಲ್ಲಾ ಕ್ರೀಡಾಂಗಣಕ್ಕೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿದೆ, ಅವರ ಹುಟ್ಟೂರು ಮುದ್ದೇನಹಳ್ಳಿಯು 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿತ್ತು. ಇಂತಹ ಹೆಸರುಗಳನ್ನು ಗೌರವಾರ್ಥವಾಗಿ ಇಡಲಾಗುತ್ತದೆ. ಅವಕ್ಕೆ ಅವಧಿಯೂ ಬೆಲೆಯೂ ಇರುವುದಿಲ್ಲ.

ಉದ್ಯಮದ ಹೆಸರು ಊರಿಗೆ ಅಂಟಿಕೊಳ್ಳುವುದು ಸಹ ಹೊಸದಲ್ಲ. ಕೋಲಾರ ಚಿನ್ನದ ಗಣಿ ಪ್ರದೇಶದ ಚಾಂಪಿಯನ್ ರೀಫ್ ಎಂಬ ಬಡಾವಣೆ ಗಣಿಯ ಹೆಸರನ್ನೂ, ಬೆಮೆಲ್ ನಗರವು ಅಲ್ಲಿನ ಸಾರ್ವಜನಿಕ ವಲಯದ ಕಾರ್ಖಾನೆಯ ಹೆಸರನ್ನೂ ಹೊತ್ತಿವೆ. ಬೆಂಗಳೂರಿನ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಮೆಟ್ರೊ ನಿಲ್ದಾಣದ ಹೆಸರು ಸಮೀಪದ ಸರ್ಕಾರಿ ಸಾಬೂನು ಕಾರ್ಖಾನೆಯಿಂದ ಬಂದದ್ದು. ಇವು ಜನರ ದುಡಿಮೆ ಮತ್ತು ವಾಸದಿಂದ ರೂಢಿಗೆ ಬಂದ ಹೆಸರುಗಳು. ನಾಮಕರಣ ಹಕ್ಕಿನ ಹೆಸರು ಒಪ್ಪಂದದಿಂದ ಬರುತ್ತದೆ.

ಅಮೆರಿಕದ ಬಫಲೋ ನಗರದ ಬಳಿ 1973ರಲ್ಲಿ ಆರಂಭವಾದ ಅಮೆರಿಕನ್ ಫುಟ್‌ಬಾಲ್ ಕ್ರೀಡಾಂಗಣಕ್ಕೆ ಆಹಾರೋತ್ಪನ್ನ ಸಂಸ್ಥೆಯೊಂದು 25 ವರ್ಷಗಳಿಗೆ 15 ಲಕ್ಷ ಡಾಲರ್ ನೀಡಿ ರಿಚ್ ಸ್ಟೇಡಿಯಂ ಎಂಬ ಹೆಸರನ್ನು ಪಡೆಯಿತು. ಆಧುನಿಕ ನಾಮಕರಣ ಒಪ್ಪಂದಗಳ ಆರಂಭಿಕ ಉದಾಹರಣೆಯಾಗಿ ಇದನ್ನು ಉಲ್ಲೇಖಿಸಲಾಗುತ್ತದೆ. ಯೂರೋಪಿನ ಫುಟ್‌ಬಾಲ್‌ನಲ್ಲಿ ಬೋಲ್ಟನ್‌ನ ರೀಬಾಕ್ ಸ್ಟೇಡಿಯಂ (1997), ಮ್ಯೂನಿಕ್‌ನ ಅಲಿಯಾನ್ಸ್ ಅರೆನಾ (2005), ಲಂಡನ್‌ನ ಎಮಿರೇಟ್ಸ್ ಸ್ಟೇಡಿಯಂ (2006) ಮುಂತಾದವು ಆರಂಭದಿಂದಲೇ ಪ್ರಾಯೋಜಕರ ಹೆಸರನ್ನು ಹೊತ್ತವು. ಹೊಸ ಕ್ರೀಡಾಂಗಣಕ್ಕೆ ಇಟ್ಟ ವಾಣಿಜ್ಯ ಹೆಸರನ್ನು ಅಭಿಮಾನಿಗಳು ಬೇಗ ಒಪ್ಪುತ್ತಾರೆ. ಹಳೆಯ ಹೆಸರನ್ನು ತೆಗೆದು ಹೊಸದನ್ನು ಇಟ್ಟಾಗ ವಿರೋಧ ಹೆಚ್ಚು.

ಒಪ್ಪಂದದ ಸ್ವರೂಪ

ನಾಮಕರಣ ಒಪ್ಪಂದದಲ್ಲಿ ಸಾಮಾನ್ಯವಾಗಿ ಈ ಕೆಳಗಿನ ಅಂಶಗಳಿರುತ್ತವೆ.

ಅವಧಿ: ಹಲವು ಒಪ್ಪಂದಗಳು ಹತ್ತರಿಂದ ಮೂವತ್ತು ವರ್ಷಗಳವರೆಗೆ ಇರುತ್ತವೆ. ಅವಧಿ ದೀರ್ಘವಾದಷ್ಟೂ ಹೆಸರು ಜನರ ಬಾಯಲ್ಲಿ ನೆಲೆಗೊಳ್ಳುವ ಸಾಧ್ಯತೆ ಹೆಚ್ಚು. ಆದರೆ ಅಷ್ಟು ಕಾಲ ಪ್ರಾಯೋಜಕ ಸಂಸ್ಥೆ ಸುಸ್ಥಿತಿಯಲ್ಲಿ ಉಳಿಯುವುದೆಂಬ ಭರವಸೆ ಕಡಿಮೆ.

ಪಾವತಿ: ಒಟ್ಟು ಮೊತ್ತವನ್ನು ಒಮ್ಮೆಲೇ ಕೊಡುವುದಕ್ಕಿಂತ ವಾರ್ಷಿಕ ಕಂತುಗಳಲ್ಲಿ ಪಾವತಿಸುವುದೇ ಹೆಚ್ಚು. ಆದ್ದರಿಂದ ಪ್ರಕಟವಾದ ಮೊತ್ತವೂ ಕ್ರೀಡಾಂಗಣದ ಕೈ ಸೇರಿದ ಮೊತ್ತವೂ ಒಂದೇ ಆಗಿರಬೇಕಿಲ್ಲ.

ವ್ಯಾಪ್ತಿ: ಫಲಕಗಳು, ಟಿಕೆಟ್, ನೇರಪ್ರಸಾರ, ದಾರಿಸೂಚಿಗಳು, ನಕ್ಷೆಗಳಲ್ಲಿ ಹೆಸರಿನ ಬಳಕೆಯನ್ನು ಒಪ್ಪಂದವು ವಿವರಿಸುತ್ತದೆ. ಅಂತರರಾಷ್ಟ್ರೀಯ ಪಂದ್ಯಾವಳಿಗಳಲ್ಲಿ ಸಂಘಟಕರ ನಿಯಮ ಇದನ್ನು ಮೀರುತ್ತದೆ. ಫಿಫಾ ಮತ್ತು ಯುಇಎಫ್‌ಎ ತಮ್ಮ ಪಂದ್ಯಾವಳಿಗಳಲ್ಲಿ ತಮ್ಮ ಪ್ರಾಯೋಜಕರಲ್ಲದವರ ಹೆಸರನ್ನು ಬಿಟ್ಟುಬಿಡುವುದರಿಂದ, 2006ರ ವಿಶ್ವಕಪ್‌ನಲ್ಲಿ ಅಲಿಯಾನ್ಸ್ ಅರೆನಾವನ್ನು ಮ್ಯೂನಿಕ್‌ನ ವಿಶ್ವಕಪ್ ಕ್ರೀಡಾಂಗಣ ಎಂದಷ್ಟೇ ಕರೆಯಲಾಯಿತು.

ರದ್ದತಿ: ಹಣ ಪಾವತಿಸದಿದ್ದರೆ, ಸಂಸ್ಥೆ ದಿವಾಳಿಯಾದರೆ ಅಥವಾ ಅದರ ನಡತೆಯಿಂದ ಕ್ರೀಡಾಂಗಣದ ಗೌರವಕ್ಕೆ ಕುಂದು ಬಂದರೆ ಒಪ್ಪಂದವನ್ನು ಕೊನೆಗೊಳಿಸುವ ಷರತ್ತು ಇದು. ಈ ಷರತ್ತು ಸ್ಪಷ್ಟವಾಗಿಲ್ಲದಿದ್ದಾಗ ಹೆಸರನ್ನು ತೆಗೆಯುವುದು ಕಷ್ಟವೂ ದುಬಾರಿಯೂ ಆಗುತ್ತದೆ.

ಪ್ರಾಯೋಜಕರ ಖ್ಯಾತಿ

ಅಮೆರಿಕದ ಹ್ಯೂಸ್ಟನ್ ನಗರದ ಬೇಸ್‌ಬಾಲ್ ಕ್ರೀಡಾಂಗಣವು 2000ರಲ್ಲಿ ಎನ್ರಾನ್ ಫೀಲ್ಡ್ ಎಂಬ ಹೆಸರಿನಲ್ಲಿ ಆರಂಭವಾಯಿತು. ಒಪ್ಪಂದದ ಅವಧಿ 30 ವರ್ಷ, ಮೊತ್ತ 10 ಕೋಟಿ ಡಾಲರ್. ಲೆಕ್ಕಪತ್ರ ವಂಚನೆ ಬಯಲಾಗಿ ಎನ್ರಾನ್ ಸಂಸ್ಥೆ 2001ರ ಡಿಸೆಂಬರ್‌ನಲ್ಲಿ ದಿವಾಳಿಯಾಯಿತು. ಆ ಹೆಸರನ್ನು ಕಳಚಿಕೊಳ್ಳಲು ತಂಡವೇ 2002ರಲ್ಲಿ 21 ಲಕ್ಷ ಡಾಲರ್ ತೆತ್ತು ಹಕ್ಕನ್ನು ಮರಳಿ ಪಡೆಯಬೇಕಾಯಿತು. ಮಯಾಮಿ ನಗರದ ಬ್ಯಾಸ್ಕೆಟ್‌ಬಾಲ್ ಕ್ರೀಡಾಂಗಣಕ್ಕೆ 2021ರಲ್ಲಿ ಎಫ್‌ಟಿಎಕ್ಸ್ ಎಂಬ ಕ್ರಿಪ್ಟೊ ವಿನಿಮಯ ಸಂಸ್ಥೆ 19 ವರ್ಷಗಳಿಗೆ 13.5 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತು. 2022ರ ನವೆಂಬರ್‌ನಲ್ಲಿ ಸಂಸ್ಥೆ ಕುಸಿದು, ಆ ಹೆಸರು ಎರಡು ವರ್ಷವೂ ತುಂಬದೆ ಅರ್ಥ ಕಳೆದುಕೊಂಡಿತು.

ಜರ್ಮನಿಯ ಹ್ಯಾಂಬರ್ಗ್‌ನ ಫೋಕ್ಸ್‌ಪಾರ್ಕ್ ಫುಟ್‌ಬಾಲ್ ಕ್ರೀಡಾಂಗಣವು 2001ರಿಂದ ಒಂದಾದ ಮೇಲೊಂದರಂತೆ ಮೂರು ಸಂಸ್ಥೆಗಳ ಹೆಸರನ್ನು ಹೊತ್ತಿತು. 2015ರಲ್ಲಿ ಉದ್ಯಮಿಯೊಬ್ಬರು ಹಕ್ಕನ್ನು ಪಡೆದು ಹಳೆಯ ಹೆಸರನ್ನೇ ಮರಳಿ ಇರಿಸಿದರು. ಇಂಗ್ಲೆಂಡಿನ ನ್ಯೂಕಾಸಲ್ ಕ್ಲಬ್‌ನ ಸೇಂಟ್ ಜೇಮ್ಸ್ ಪಾರ್ಕ್ ಕ್ರೀಡಾಂಗಣಕ್ಕೆ 2011ರಲ್ಲಿ ಮಾಲೀಕರ ಕ್ರೀಡಾಸಾಮಗ್ರಿ ಮಳಿಗೆಯ ಹೆಸರನ್ನು ಇಟ್ಟಾಗ ಅಭಿಮಾನಿಗಳು ಪ್ರತಿಭಟಿಸಿದರು. ಮರುವರ್ಷ ವೊಂಗಾ ಎಂಬ ಕಿರು ಅವಧಿಯ ಸಾಲ ಸಂಸ್ಥೆ ಹಕ್ಕನ್ನು ಪಡೆದು, ಮೂಲ ಹೆಸರನ್ನು ಉಳಿಸುವುದಾಗಿ ಘೋಷಿಸಿತು. ಹೆಸರನ್ನು ಮರಳಿಸಿದ ಆ ಸಂಸ್ಥೆಯೇ ಅತಿ ಹೆಚ್ಚಿನ ಬಡ್ಡಿದರಕ್ಕಾಗಿ ಟೀಕೆಗೆ ಒಳಗಾಗಿತ್ತು. 2018ರಲ್ಲಿ ಅದು ಕುಸಿದುಬಿತ್ತು.

ಭಾರತದಲ್ಲಿ

ಭಾರತದ ಹಲವು ದೊಡ್ಡ ಕ್ರೀಡಾಂಗಣಗಳು ಸರ್ಕಾರಗಳ ಅಥವಾ ಕ್ರೀಡಾ ಸಂಸ್ಥೆಗಳ ಒಡೆತನದಲ್ಲಿವೆ. ಅಹಮದಾಬಾದಿನ ನರೇಂದ್ರ ಮೋದಿ ಕ್ರೀಡಾಂಗಣದಲ್ಲಿ ಬೌಲಿಂಗ್ ತುದಿಗಳಿಗೆ ಅದಾನಿ ಮತ್ತು ರಿಲಯನ್ಸ್ ಸಂಸ್ಥೆಗಳ ಹೆಸರಿದೆ. ಜಮ್‌ಶೆಡ್‌ಪುರ ಫುಟ್‌ಬಾಲ್ ಕ್ಲಬ್ ಆಡುವ ಜೆ.ಆರ್.ಡಿ. ಟಾಟಾ ಕ್ರೀಡಾ ಸಂಕೀರ್ಣದಲ್ಲಿ ಕಟ್ಟಿದ ಸಂಸ್ಥೆಯ ಹಿರಿಯರ ಹೆಸರೇ ಇದೆ.

ನಾಮಕರಣ ಹಕ್ಕಿನ ಅಪಾಯವನ್ನು ತೋರಿಸಿದ ಭಾರತೀಯ ಪ್ರಕರಣ ಪುಣೆಯ ಗಹುಂಜೆಯದು. ಅಲ್ಲಿನ ಕ್ರಿಕೆಟ್ ಕ್ರೀಡಾಂಗಣವು 2012ರ ಏಪ್ರಿಲ್‌ನಲ್ಲಿ ಉದ್ಘಾಟನೆಗೊಂಡಿತು. ಸಹಾರಾ ಸಮೂಹವು 208 ಕೋಟಿ ರೂಪಾಯಿಗೆ ಹಕ್ಕನ್ನು ಒಪ್ಪಿಕೊಂಡು, ಕ್ರೀಡಾಂಗಣಕ್ಕೆ ತನ್ನ ಮುಖ್ಯಸ್ಥ ಸುಬ್ರತ ರಾಯ್ ಅವರ ಹೆಸರನ್ನು ಇರಿಸಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಸಮೂಹದ ಎರಡು ಸಂಸ್ಥೆಗಳಿಗೆ ಹೂಡಿಕೆದಾರರ ಹಣವನ್ನು ಮರಳಿಸುವಂತೆ ಆದೇಶಿಸಿತು. ಒಪ್ಪಂದದ ಹಣ ಪೂರ್ಣವಾಗಿ ಬಾರದಿದ್ದುದರಿಂದ ಮಹಾರಾಷ್ಟ್ರ ಕ್ರಿಕೆಟ್ ಸಂಸ್ಥೆ 2013ರಲ್ಲಿ ಆ ಹೆಸರನ್ನು ಕೈಬಿಟ್ಟಿತು. ಈಗ ಕ್ರೀಡಾಂಗಣವು ಸಂಸ್ಥೆಯ ಹೆಸರಿನಲ್ಲಿಯೇ ಇದೆ.

ಕರ್ನಾಟಕದಲ್ಲಿ

ರಾಜ್ಯದ ಪ್ರಮುಖ ಫುಟ್‌ಬಾಲ್ ತಾಣಗಳಾದ ಶ್ರೀ ಕಂಠೀರವ ಕ್ರೀಡಾಂಗಣ ಮತ್ತು ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣಗಳು ಯಾವುದೇ ವಾಣಿಜ್ಯ ಸಂಸ್ಥೆಯ ಹೆಸರನ್ನು ಹೊತ್ತಿಲ್ಲ. ಮೊದಲನೆಯದು ರಾಜ್ಯ ಸರ್ಕಾರದ್ದು. ಎರಡನೆಯದು ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಯ ನೆಲೆ. 2013ರಲ್ಲಿ ಜೆಎಸ್‌ಡಬ್ಲ್ಯು ಸಮೂಹ ಸ್ಥಾಪಿಸಿದ ಬೆಂಗಳೂರು ಎಫ್‌ಸಿ ತನ್ನ ಮೊದಲ ಋತುವನ್ನು ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಆಡಿ, ಬಳಿಕ ಕಂಠೀರವಕ್ಕೆ ಸ್ಥಳಾಂತರಗೊಂಡಿತು. ಕ್ಲಬ್‌ಗೆ ಊರಿನ ಹೆಸರಿದೆ, ಮಾಲೀಕ ಸಂಸ್ಥೆಯದಲ್ಲ.

ಬೆಂಗಳೂರಿನ ಉದ್ಯಮಗಳು ಮಾತ್ರ ಬೇರೆಡೆಯ ಕ್ರೀಡೆಗೆ ಹೆಸರು ನೀಡಿವೆ. ಬೆಂಗಳೂರು ಮೂಲದ ಯುನೈಟೆಡ್ ಬ್ರೂವರೀಸ್ ಸಮೂಹವು 1998ರಲ್ಲಿ ಕೋಲ್ಕತ್ತದ ಎರಡು ಸಾಂಪ್ರದಾಯಿಕ ಎದುರಾಳಿ ಕ್ಲಬ್‌ಗಳಲ್ಲಿಯೂ ಪಾಲುದಾರಿಕೆ ಪಡೆಯಿತು. ಅವು ಮೆಕ್‌ಡೊವೆಲ್ ಮೋಹನ್ ಬಗಾನ್ ಮತ್ತು ಕಿಂಗ್‌ಫಿಷರ್ ಈಸ್ಟ್ ಬೆಂಗಾಲ್ ಎಂದು ಕರೆಯಲ್ಪಟ್ಟವು. 2008ರಲ್ಲಿ ಆರಂಭವಾದ ರಾಯಲ್ ಚಾಲೆಂಜರ್ಸ್ ಕ್ರಿಕೆಟ್ ತಂಡದ ಹೆಸರು ಅದೇ ಸಮೂಹದ ಮದ್ಯದ ಬ್ರ್ಯಾಂಡ್‌ನಿಂದ ಬಂದದ್ದು. ಸಮೂಹದ ಕಿಂಗ್‌ಫಿಷರ್ ವಿಮಾನಯಾನ ಸಂಸ್ಥೆ 2012ರಲ್ಲಿ ಹಾರಾಟ ನಿಲ್ಲಿಸಿತು. ಅದರ ಮುಖ್ಯಸ್ಥ ವಿಜಯ್ ಮಲ್ಯ 2016ರ ಮಾರ್ಚ್‌ನಲ್ಲಿ ದೇಶ ತೊರೆದರು. ಆದರೂ ತಂಡದ ಹೆಸರು ಉಳಿಯಿತು. 2024ರಲ್ಲಿ ಬದಲಾದದ್ದು ಊರಿನ ಹೆಸರಿನ ಕಾಗುಣಿತ ಮಾತ್ರ. ಪ್ರಾಯೋಜಕರ ಖ್ಯಾತಿ ಕುಂದಿದಾಗಲೆಲ್ಲ ಹೆಸರು ಅಳಿಯುವುದಿಲ್ಲ. ಆಟಗಾರರ ಸಾಧನೆ ಮತ್ತು ಅಭಿಮಾನಿಗಳ ಮಮತೆಯಿಂದ ಅದು ಹೊಸ ಅರ್ಥವನ್ನೂ ಪಡೆಯಬಹುದು ಎಂಬುದಕ್ಕೆ ಇದು ಉದಾಹರಣೆ.

ಬೆಂಗಳೂರಿನ ಶಿಕ್ಷಣ ತಂತ್ರಜ್ಞಾನ ಸಂಸ್ಥೆ ಬೈಜೂಸ್, ಭಾರತ ಕ್ರಿಕೆಟ್ ತಂಡದ ಹಾಗೂ 2022ರ ಫಿಫಾ ವಿಶ್ವಕಪ್‌ನ ಪ್ರಾಯೋಜಕನಾಗಿತ್ತು. ಸುಮಾರು 158 ಕೋಟಿ ರೂಪಾಯಿ ಪ್ರಾಯೋಜಕತ್ವ ಬಾಕಿಯ ಕುರಿತು ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿ ಸಲ್ಲಿಸಿದ ಅರ್ಜಿಯನ್ನು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠ 2024ರ ಜುಲೈನಲ್ಲಿ ಅಂಗೀಕರಿಸಿ, ದಿವಾಳಿ ಪ್ರಕ್ರಿಯೆಯನ್ನು ಆರಂಭಿಸಿತು.

ನಮ್ಮ ಮೆಟ್ರೊ ನಿಲ್ದಾಣಗಳು: 2025ರ ಆಗಸ್ಟ್‌ನಲ್ಲಿ ಆರಂಭವಾದ ಹಳದಿ ಮಾರ್ಗದಲ್ಲಿ ಇನ್ಫೊಸಿಸ್ ಫೌಂಡೇಷನ್ ಕೋನಪ್ಪನ ಅಗ್ರಹಾರ, ಬಯೋಕಾನ್ ಹೆಬ್ಬಗೋಡಿ ಮತ್ತು ಡೆಲ್ಟಾ ಎಲೆಕ್ಟ್ರಾನಿಕ್ಸ್ ಬೊಮ್ಮಸಂದ್ರ ಎಂಬ ನಿಲ್ದಾಣಗಳಿವೆ. ಹೆಬ್ಬಗೋಡಿ ನಿಲ್ದಾಣಕ್ಕೆ 65 ಕೋಟಿ ರೂಪಾಯಿ ನೀಡುವ ಒಪ್ಪಂದಕ್ಕೆ ಬಯೋಕಾನ್ ಫೌಂಡೇಷನ್ 2020ರಲ್ಲಿ ಸಹಿ ಹಾಕಿತ್ತು. ಮೂರರಲ್ಲಿಯೂ ಹಳ್ಳಿಯ ಹೆಸರನ್ನು ಉಳಿಸಿ, ಸಂಸ್ಥೆಯ ಹೆಸರನ್ನು ಅದರ ಮುಂದೆ ಸೇರಿಸಲಾಗಿದೆ. ಮುಂದೆ ಸಂಸ್ಥೆಯ ಹೆಸರನ್ನು ತೆಗೆಯಬೇಕಾಗಿ ಬಂದರೂ ಸ್ಥಳದ ಗುರುತು ಅಳಿಯದಿರುವುದು ಈ ಕ್ರಮದ ಅನುಕೂಲ.

ಕಾನೂನಿನ ಮಿತಿಗಳು

2003ರ ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ ಕಾಯ್ದೆ ತಂಬಾಕಿನ ಜಾಹೀರಾತು ಮತ್ತು ಅದರ ಪ್ರಚಾರದ ಪ್ರಾಯೋಜಕತ್ವವನ್ನು ನಿಷೇಧಿಸುತ್ತದೆ. 1996ರ ಕ್ರಿಕೆಟ್ ವಿಶ್ವಕಪ್ ಸಿಗರೇಟು ಬ್ರ್ಯಾಂಡ್‌ನ ಹೆಸರಿನಲ್ಲಿ ನಡೆದಿತ್ತು. ಈ ಕಾಯ್ದೆಯ ನಂತರ ಅಂತಹುದಕ್ಕೆ ಅವಕಾಶವಿಲ್ಲ. 2025ರಲ್ಲಿ ಹಣ ಹೂಡಿ ಆಡುವ ಆನ್‌ಲೈನ್ ಆಟಗಳನ್ನು ಮತ್ತು ಅವುಗಳ ಜಾಹೀರಾತನ್ನು ನಿಷೇಧಿಸುವ ಕೇಂದ್ರ ಕಾಯ್ದೆ ಬಂದಾಗ, ಡ್ರೀಮ್11 ಸಂಸ್ಥೆಯು ಭಾರತ ಕ್ರಿಕೆಟ್ ತಂಡದ ಪ್ರಾಯೋಜಕತ್ವದಿಂದ ಅವಧಿಗೆ ಮೊದಲೇ ಹೊರನಡೆಯಿತು.

2013ರ ಕಂಪನಿಗಳ ಕಾಯ್ದೆಯ 135ನೆಯ ಕಲಮಿನಂತೆ ನಿಗದಿತ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವ್ಯಯಿಸಬೇಕು. ಗ್ರಾಮೀಣ ಕ್ರೀಡೆ ಮತ್ತು ಒಲಿಂಪಿಕ್ ಕ್ರೀಡೆಗಳ ತರಬೇತಿ ಇದರ ವ್ಯಾಪ್ತಿಯಲ್ಲಿದೆ. ಆದರೆ 2021ರ ತಿದ್ದುಪಡಿ ನಿಯಮಗಳ ಪ್ರಕಾರ, ತಮ್ಮ ಉತ್ಪನ್ನ ಅಥವಾ ಸೇವೆಗೆ ಮಾರುಕಟ್ಟೆಯ ಲಾಭ ತರುವ ಪ್ರಾಯೋಜಕತ್ವದ ವೆಚ್ಚವನ್ನು ಈ ಲೆಕ್ಕಕ್ಕೆ ಸೇರಿಸುವಂತಿಲ್ಲ. ಮಾಲೂರು, ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳಿರುವ ಕೋಲಾರದಂತಹ ಜಿಲ್ಲೆಗಳಲ್ಲಿ ಕ್ರೀಡೆಗೆ ಕಂಪನಿಗಳ ನೆರವು ಪಡೆಯುವಾಗ ಈ ಭೇದ ಮುಖ್ಯವಾಗುತ್ತದೆ. ಕ್ರೀಡಾ ತರಬೇತಿಗೆ ಕೊಟ್ಟ ನೆರವು ಹೊಣೆಗಾರಿಕೆಯ ವೆಚ್ಚವಾಗಬಹುದು. ಬ್ರ್ಯಾಂಡ್‌ನ ಪ್ರಚಾರಕ್ಕಾಗಿ ಹೆಸರನ್ನು ಕೊಂಡ ಹಣ ಜಾಹೀರಾತಿನ ವೆಚ್ಚ.

ಪರ ಮತ್ತು ವಿರೋಧ ವಾದಗಳು

ನಾಮಕರಣ ಹಕ್ಕಿನ ಹಣದಿಂದ ಕ್ರೀಡಾಂಗಣದ ನಿರ್ಮಾಣ ಮತ್ತು ನಿರ್ವಹಣೆಯ ಹೊರೆ ಟಿಕೆಟ್ ಕೊಳ್ಳುವವರ ಹಾಗೂ ತೆರಿಗೆದಾರರ ಮೇಲೆ ಕಡಿಮೆಯಾಗುತ್ತದೆ ಎಂಬುದು ಇದರ ಪರವಾದ ಮುಖ್ಯ ವಾದ. ಡಾರ್ಟ್‌ಮುಂಡ್ ಕ್ಲಬ್ 2005ರಲ್ಲಿ ಆರ್ಥಿಕ ಬಿಕ್ಕಟ್ಟಿನಲ್ಲಿದ್ದಾಗ ವೆಸ್ಟ್‌ಫಾಲೆನ್ ಕ್ರೀಡಾಂಗಣದ ಹೆಸರನ್ನು ವಿಮಾ ಸಂಸ್ಥೆಯೊಂದಕ್ಕೆ ನೀಡಿ ಆದಾಯ ಕಂಡುಕೊಂಡಿತು.

ಸಾರ್ವಜನಿಕ ಹಣದಿಂದ ಕಟ್ಟಿದ ಕ್ರೀಡಾಂಗಣದ ಹೆಸರು ಜನರ ಸ್ಮರಣೆಗೆ ಸೇರಿದ್ದು, ಅದನ್ನು ಮಾರುವ ಅಧಿಕಾರ ಆಡಳಿತಗಾರರಿಗೆ ಇರಬಾರದು ಎಂಬುದು ವಿರೋಧಿಗಳ ನಿಲುವು. ಹೆಸರು ಪದೇ ಪದೇ ಬದಲಾದರೆ ದಾರಿಸೂಚಿ, ದಾಖಲೆ ಮತ್ತು ಕ್ರೀಡಾ ಇತಿಹಾಸದಲ್ಲಿ ಗೊಂದಲ ಉಂಟಾಗುತ್ತದೆ. ಪ್ರಾಯೋಜಕರ ಆಯ್ಕೆಯಲ್ಲಿ ಮೊತ್ತಕ್ಕಿಂತ ಅವರ ಆರ್ಥಿಕ ಸ್ಥಿತಿ, ವ್ಯವಹಾರದ ಸ್ವರೂಪ ಮತ್ತು ಸಾಲದ ಹೊರೆಯನ್ನು ಮೊದಲು ಪರಿಶೀಲಿಸುವುದು, ಹೆಸರನ್ನು ಹಿಂಪಡೆಯುವ ಷರತ್ತನ್ನು ಸ್ಪಷ್ಟವಾಗಿ ಬರೆಯುವುದು ಹಾಗೂ ಸ್ಥಳದ ಹೆಸರನ್ನು ಉಳಿಸಿಕೊಳ್ಳುವುದು ಹಿಂದಿನ ಪ್ರಕರಣಗಳಿಂದ ದೊರೆಯುವ ಮುನ್ನೆಚ್ಚರಿಕೆಗಳಾಗಿವೆ.