ಕೊಲ್ಲುವುದು ಒದ್ದೆ ಮತ್ತು ಗಾಳಿ

ನಾಲ್ಕು ದಿನ ರಜೆ ಸಿಕ್ಕರೆ ಸಾಕು, ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ಕಡೆಯ ಹುಡುಗರು ಬೈಕ್ ಹತ್ತಿ ಕೊಡಚಾದ್ರಿಗೋ ಮುಳ್ಳಯ್ಯನಗಿರಿಗೋ ಹೊರಡುತ್ತಾರೆ. ಕೈಯಲ್ಲಿ ಒಂದಿಷ್ಟು ದುಡ್ಡು ಕೂಡಿದವರು ಉತ್ತರಾಖಂಡದವರೆಗೂ ಹೋಗುತ್ತಾರೆ. ಹೋಗಲಿ, ಬೆಟ್ಟ ನೋಡಬೇಕು. ಆದರೆ ಚಳಿಯ ವಿಷಯದಲ್ಲಿ ನಾವು ಬಯಲಿನವರು ನಂಬಿಕೊಂಡು ಬಂದ ಕೆಲವು ಮಾತುಗಳು ಜೀವಕ್ಕೇ ಎರವಾಗುವಂಥವು.

‘ಬೇಸಿಗೆಯಲ್ಲಿ ಹೋದರೆ ಚಳಿಯ ಭಯವಿಲ್ಲ’ ಎನ್ನುವುದು ಅವುಗಳಲ್ಲೊಂದು. 2024ರ ಜೂನ್ ಮೊದಲ ವಾರ, ನಮ್ಮಲ್ಲಿ ಮುಂಗಾರಿಗೆ ಕೂರಿಗೆ ಹೂಡುವ ಹೊತ್ತು. ಉತ್ತರಕಾಶಿಯ ಸಹಸ್ರತಾಲ್ ಚಾರಣಕ್ಕೆ ಹೋಗಿದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿತು. ಅವರಲ್ಲಿ ಹೆಚ್ಚಿನವರು ಬೆಂಗಳೂರಿನವರು. ಒಂಬತ್ತು ಜನ ತೀರಿಕೊಂಡರು. ನಾಲ್ಕು ಸಾವಿರ ಮೀಟರಿಗೂ ಎತ್ತರದ ಆ ಜಾಗದಲ್ಲಿ ಜೂನ್ ತಿಂಗಳೆಂದರೆ ಬೇಸಿಗೆ ಎಂಬ ಖಾತ್ರಿ ಇಲ್ಲ. ಮಧ್ಯಾಹ್ನ ಬಿಸಿಲಿದ್ದದ್ದು ಸಂಜೆಗೆ ಹಿಮಪಾತವಾಗಬಹುದು.

‘ನೀರು ಹೆಪ್ಪುಗಟ್ಟುವಷ್ಟು ಚಳಿ ಬಿದ್ದರೆ ಮಾತ್ರ ಅಪಾಯ’ ಎನ್ನುತ್ತಾರೆ. ಇದು ಇನ್ನೂ ದೊಡ್ಡ ತಪ್ಪು. ನಮ್ಮ ಮೈಯ ಒಳಬಿಸಿ 37 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅದು 35ಕ್ಕಿಂತ ಕೆಳಗಿಳಿದರೆ ವೈದ್ಯರು ಹೈಪೋಥರ್ಮಿಯಾ ಎನ್ನುತ್ತಾರೆ. ಅಷ್ಟು ಇಳಿಯಲು ಹಿಮವೇ ಬೀಳಬೇಕಾಗಿಲ್ಲ, ಮಳೆ ಮತ್ತು ಗಾಳಿ ಸೇರಿದರೆ ಹತ್ತು ಡಿಗ್ರಿಯಲ್ಲೂ ಆಗುತ್ತದೆ. ನೀರು ಮೈಯ ಬಿಸಿಯನ್ನು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಎಳೆದುಕೊಳ್ಳುತ್ತದೆ. ಸಾವಿರ ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ತಂಪು ಹೆಚ್ಚುತ್ತದೆ. 1,930 ಮೀಟರಿನ ಮುಳ್ಳಯ್ಯನಗಿರಿಯ ತುದಿ ನಮ್ಮೂರಿಗಿಂತ ಎಂಟೊಂಬತ್ತು ಡಿಗ್ರಿ ತಣ್ಣಗಿರುತ್ತದೆ. ಜೀನ್ಸ್ ಪ್ಯಾಂಟು, ಹತ್ತಿಯ ಟೀ ಶರ್ಟು ತೊಟ್ಟು ಅಲ್ಲಿ ತೊಯ್ದರೆ ಗಾಳಿಗೆ ಮೈಯೊಡ್ಡಿ ಒದ್ದೆ ಗೋಣಿಚೀಲ ಹೊದ್ದಂತೆ.

ಈ ಸಂಗತಿ ನಮ್ಮ ಕುರಿಗಾರರಿಗೆ ಹೊಸದೇನಲ್ಲ. ಅವರ ಹೆಗಲ ಮೇಲಿನ ಕರಿ ಕಂಬಳಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಒರಟು, ಭಾರ, ಮುಟ್ಟಿದರೆ ಚುಚ್ಚುತ್ತದೆ. ನೇಯ್ದ ಮೇಲೆ ಹುಣಸೆಬೀಜದ ಗಂಜಿ ಬಳಿದು ಬಿಸಿಲಿಗೆ ಹಾಕಿರುತ್ತಾರೆ, ಅದಕ್ಕೇ ಆ ಬಿಗುಪು. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಪಾಲು ತೇವವನ್ನು ಎಳೆಯೊಳಗೇ ಹೀರಿಕೊಂಡರೂ ಮೇಲೆ ಹಸಿ ಎನಿಸುವುದಿಲ್ಲ. ಎಳೆಗಳ ನಡುವಿನ ಗಾಳಿ ಬಿಸಿಯನ್ನು ಹಿಡಿದಿಡುತ್ತದೆ. ಜಡಿಮಳೆಯಲ್ಲಿ ಅದನ್ನೇ ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಕುರಿಯ ಜೊತೆ ಹೊಲದಲ್ಲೇ ರಾತ್ರಿ ಕಳೆಯುವವರನ್ನು ನಾವು ನೋಡುತ್ತಲೇ ಬೆಳೆದಿದ್ದೇವೆ. ಆದರೂ ಬೆಟ್ಟಕ್ಕೆ ಹೊರಡುವಾಗ ಕಂಬಳಿ ನಮ್ಮ ನೆನಪಿಗೆ ಬರುವುದಿಲ್ಲ.

ಇನ್ನು ಹಿಮದಡಿ ಸಿಕ್ಕವರು ಕ್ಷಣದಲ್ಲೇ ಮರಗಟ್ಟಿ ಹೋಗುತ್ತಾರೆ ಎಂಬ ಮಾತು. ಶಿಗ್ಗಾಂವಿ ಪಕ್ಕದ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ಈ ಭಾಗದಲ್ಲಿ ಮರೆತವರಿಲ್ಲ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ, 19,000 ಅಡಿಗೂ ಎತ್ತರದ ಠಾಣೆಯ ಮೇಲೆ ಹಿಮದ ಗೋಡೆ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಯೋಧರು ಅದರಡಿ ಸಿಕ್ಕರು. ಆರನೆಯ ದಿನ, ಸುಮಾರು 25 ಅಡಿ ಆಳದಲ್ಲಿ, ಹನುಮಂತಪ್ಪ ಇನ್ನೂ ಉಸಿರಾಡುತ್ತಿದ್ದರು. ಡೇರೆಯೊಳಗೆ ಉಳಿದ ಗಾಳಿ ಅವರನ್ನು ಅಷ್ಟು ದಿನ ಕಾಪಾಡಿತ್ತು. ಅವರ ಮೈಮೇಲೆ ಹಿಮಹುಣ್ಣು ಇರಲಿಲ್ಲ ಎಂದು ಸೇನಾ ಆಸ್ಪತ್ರೆಯ ವೈದ್ಯರೇ ಹೇಳಿದರು. ಹಿಮದೊಳಗೂ ಗಾಳಿ ತುಂಬಿರುತ್ತದೆ, ಅದು ಕಂಬಳಿಯ ಹಾಗೆಯೇ ಹೊರಗಿನ ಕೊರೆತವನ್ನು ತಡೆಯುತ್ತದೆ. ಹಿಮದಡಿ ಸಿಕ್ಕವರಲ್ಲಿ ಬಹಳ ಜನ ಸಾಯುವುದು ಉಸಿರುಗಟ್ಟಿ, ಅದೂ ಅರ್ಧ ಗಂಟೆಯೊಳಗೆ. ಹನುಮಂತಪ್ಪ ಫೆಬ್ರುವರಿ 11ರಂದು ದೆಹಲಿಯಲ್ಲಿ ಕೊನೆಯುಸಿರೆಳೆದರು. ಆ ದಿನಗಳಲ್ಲಿ ಈ ಸೀಮೆಯ ಜನ ಗುಡಿ ದರ್ಗಾಗಳಲ್ಲಿ ಅವರಿಗಾಗಿ ಬೇಡಿಕೊಂಡದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ.

‘ಒಂದು ಪೆಗ್ ಹಾಕಿದರೆ ಮೈ ಬೆಚ್ಚಗಾಗುತ್ತದೆ’ ಎನ್ನುವವರಿಗೆ ಒಂದೇ ಮಾತು. ಹೆಂಡ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಬಿಸಿಯನ್ನು ಹೊರಗೆ ಚೆಲ್ಲುತ್ತದೆ. ಬೆಚ್ಚಗೆ ಎನಿಸುವುದೇ ಬಿಸಿ ಸೋರಿಹೋಗುತ್ತಿರುವುದರ ಗುರುತು. ಡೇರೆಯೊಳಗೆ ಕೆಂಡ ಇಟ್ಟುಕೊಂಡು ಮಲಗುವುದೂ ಬೇಡ. ಅದರಿಂದೇಳುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ.

‘ನಡುಕ ನಿಂತಿತು, ಸುಧಾರಿಸಿಕೊಂಡ’ ಎಂಬ ಸಮಾಧಾನಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ಹೆದರುತ್ತೇನೆ. ನಡುಕವೆಂದರೆ ಮೈ ತಾನೇ ಬಿಸಿ ಹುಟ್ಟಿಸಿಕೊಳ್ಳುವ ಬಗೆ. ಒದ್ದೆಯಾದವನು ಬೆಚ್ಚಗಾಗದೆಯೇ ನಡುಗುವುದನ್ನು ಬಿಟ್ಟರೆ ಮೈ ಸೋತಿದೆ ಎಂದು ತಿಳಿಯಿರಿ. ಅದಕ್ಕೂ ಮೊದಲೇ ಸುಳಿವು ಸಿಗುತ್ತದೆ: ಅಂಗಿಯ ಗುಂಡಿ ಹಾಕಿಕೊಳ್ಳಲು ಬೆರಳು ಬಾರದು, ಮಾತು ತೊದಲುತ್ತದೆ, ಸಮತಟ್ಟು ಜಾಗದಲ್ಲೂ ಕಾಲು ಎಡವುತ್ತದೆ. ಕೆಲವರು ಕೊನೆಯ ಹಂತದಲ್ಲಿ ಸೆಕೆ ಎಂದು ತೊಟ್ಟ ಬಟ್ಟೆಯನ್ನೇ ಕಿತ್ತು ಹಾಕುತ್ತಾರೆ. ಇವುಗಳಲ್ಲಿ ಯಾವ ಸುಳಿವು ಕಂಡರೂ ಅಂಥವರನ್ನು ಗಾಳಿಯಿಂದ ಮರೆಗೆ ತಂದು, ಹಸಿ ಬಟ್ಟೆ ತೆಗೆದು ಒಣಗಿದ್ದನ್ನು ತೊಡಿಸಿ, ತಲೆ ಮುಚ್ಚಿ. ಹೊದಿಕೆಯಷ್ಟೇ ಕೆಳಗಿನ ಹಾಸಿಗೆಯೂ ದಪ್ಪವಿರಲಿ, ತಣ್ಣನೆಯ ನೆಲ ಬಿಸಿ ಕುಡಿಯುತ್ತದೆ. ಎಚ್ಚರವಿದ್ದು ನುಂಗಲು ಆಗುವಂತಿದ್ದರೆ ಬಿಸಿ ಬೆಲ್ಲದ ನೀರು ಕೊಡಿ. ಕೈಕಾಲು ತಿಕ್ಕಬೇಡಿ, ಎಬ್ಬಿಸಿ ಓಡಾಡಿಸಬೇಡಿ, ಬೇಗ ಆಸ್ಪತ್ರೆ ಮುಟ್ಟಿಸಿ.

ಕಡೆಯದಾಗಿ, ‘ಇಷ್ಟು ದೂರ ಬಂದು ತುದಿ ಮುಟ್ಟದೆ ಹಿಂದಿರುಗುವುದೇ?’ ಎಂಬ ಹಟ. ಮೋಡ ಕವಿದು ಗಾಳಿ ತಿರುಗಿತೆಂದರೆ ಇಳಿದುಬಿಡಿ. ಹೊರಡುವ ಮುಂಚೆ ಒಂದು ಜೊತೆ ಒಣ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಿಕೊಳ್ಳಿ. ಅಟ್ಟದ ಮೇಲೆ ಅಜ್ಜನ ಕಂಬಳಿ ಇದ್ದರೆ ಕೇಳಿ ತೆಗೆದುಕೊಂಡು ಹೋಗಿ.