ಲಂಚದ ಲೆಕ್ಕ ಯಾರ ಖಾತೆಗೆ?

ವ್ಯಾಪಾರಿಯ ಖಾತೆಪುಸ್ತಕದಲ್ಲಿ ಪ್ರತಿಯೊಂದು ಖರ್ಚಿಗೂ ಒಂದೊಂದು ಹೆಸರುಂಟು. ಮಳಿಗೆಯ ಬಾಡಿಗೆ, ಆಳುಗಳ ಸಂಬಳ, ಸರಕಿನ ಸಾಗಣೆ, ಸಾಲದ ಬಡ್ಡಿ, ಸರ್ಕಾರದ ತೆರಿಗೆ, ಇವೆಲ್ಲವೂ ತಂತಮ್ಮ ಸ್ಥಾನದಲ್ಲಿ ಕುಳಿತಿರುತ್ತವೆ. ಇವುಗಳ ನಡುವೆ ಹೆಸರಿಲ್ಲದ ಖರ್ಚೊಂದು ಮೆಲ್ಲನೆ ನುಸುಳಿಕೊಂಡಿರುತ್ತದೆ. ಬಾಯಿಮಾತಿನಲ್ಲಿ ಅದು ‘ಮಾಮೂಲು’, ‘ಕೈಬಿಸಿ’. ಬರಹದಲ್ಲಿ ಮಾತ್ರ ‘ಇತರ ವೆಚ್ಚ’ ಎಂಬ ಮುಸುಕನ್ನು ಹೊದ್ದುಕೊಳ್ಳುತ್ತದೆ. ಈ ಖರ್ಚಿಗೆ ರಸೀತಿಯಿಲ್ಲ. ಇಷ್ಟೇ ಎಂಬ ಮಿತಿಯೂ ಇಲ್ಲ. ಇದನ್ನು ಕೊಟ್ಟವನು ಸರಕಿನ ಬೆಲೆಯಲ್ಲಿ ಸೇರಿಸಿ ಕೊಳ್ಳುವವನ ತಲೆಗೆ ಕಟ್ಟುತ್ತಾನೆಂದೂ, ಅಲ್ಲಿಗೆ ವ್ಯಾಪಾರಿಯ ಮಟ್ಟಿಗೆ ಲೆಕ್ಕ ಚುಕ್ತಾ ಆಯಿತೆಂದೂ ಸಾಮಾನ್ಯವಾದ ತಿಳಿವಳಿಕೆ. ಆದರೆ ಈ ತಿಳಿವಳಿಕೆ ಅರೆಸತ್ಯವಾದುದು. ಲಂಚದ ನಿಜವಾದ ಬೆಲೆಯನ್ನು ಕೊನೆಗೆ ತೆರುವವನು ವ್ಯಾಪಾರಿಯೇ. ಅದರಲ್ಲಿಯೂ ಲಂಚ ಕೊಡದೆ ನೆಟ್ಟಗೆ ನಡೆದ ವ್ಯಾಪಾರಿ.

ಸುಂಕ ಬೇರೆ, ಲಂಚ ಬೇರೆ

ಕನ್ನಡ ನಾಡಿನ ವರ್ತಕರಿಗೆ ಆಳುವವರಿಗೆ ಹಣ ತೆರುವುದು ಹೊಸತೇನೂ ಅಲ್ಲ. ಚಾಲುಕ್ಯರ ಕಾಲದ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಮೊದಲಾದ ಸುಂಕಗಳ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಅಯ್ಯಾವೊಳೆಯ ಐನೂರ್ವರೆಂದು ಖ್ಯಾತರಾದ ವರ್ತಕ ಸಂಘದವರು ದೂರದೇಶಗಳವರೆಗೆ ವ್ಯಾಪಾರ ಮಾಡಿದವರು. ದೇವಾಲಯಗಳಿಗೆ ಹೇರಿಗೆ ಇಷ್ಟು, ಗಾಣಕ್ಕೆ ಇಷ್ಟು ಎಂದು ವರ್ತಕರು ತಾವೇ ಕಟ್ಟಳೆ ಮಾಡಿಕೊಂಡು ಅದನ್ನು ಕಲ್ಲಿನಲ್ಲಿ ಕೊರೆಯಿಸಿದ ನಿದರ್ಶನಗಳೂ ಇವೆ. ಆ ಕಾಲದ ಸುಂಕ ಹಗುರವಾಗಿದ್ದಿತೆಂದು ಹೇಳುವಂತಿಲ್ಲ. ಆದರೆ ಅದು ಎಲ್ಲರೂ ಓದಬಹುದಾದ ಕಲ್ಲಿನ ಮೇಲೆ ಇದ್ದಿತು. ಸಂತೆಗೆ ಹೊರಟ ಸೆಟ್ಟಿಯು ಮನೆಯ ಜಗುಲಿಯಲ್ಲಿಯೇ ಕುಳಿತು ತನ್ನ ಲಾಭನಷ್ಟವನ್ನು ಎಣಿಸಬಹುದಾಗಿತ್ತು.

ಲಂಚಕ್ಕೆ ಇಂಥ ಶಾಸನವಿಲ್ಲ. ಇಂದು ನೂರು ಕೇಳಿದ ಕೈ ನಾಳೆ ಸಾವಿರ ಕೇಳಬಹುದು. ಒಬ್ಬನಿಗೆ ಕೊಟ್ಟ ಮೇಲೆ ಇನ್ನೊಬ್ಬನು ಎದುರಾಗಬಹುದು. ಕೊಟ್ಟ ಬಳಿಕವೂ ಕೆಲಸ ಆಗದಿದ್ದರೆ ದೂರು ಹೇಳಿಕೊಳ್ಳಲು ಸ್ಥಳವಿಲ್ಲ. ಎಣಿಕೆಗೆ ಸಿಕ್ಕದ ಇಂಥ ಖರ್ಚನ್ನು ನಂಬಿ ಯಾರು ತಾನೆ ಹತ್ತು ವರ್ಷದ ಉದ್ಯಮವನ್ನು ಯೋಜಿಸಿಯಾರು? ಆದುದರಿಂದ ಲಂಚ ಹೆಚ್ಚಿದಲ್ಲಿ ಬಂಡವಾಳವು ಬೇಗನೆ ಬಾಚಿಕೊಂಡು ಹೊರಡಬಹುದಾದ ವ್ಯವಹಾರಗಳ ಕಡೆಗೆ ಓಡುತ್ತದೆ. ನಿಧಾನವಾಗಿ ಬೆಳೆದು ನಾಲ್ಕು ಜನಕ್ಕೆ ಅನ್ನ ನೀಡುವ ಕಾರ್ಖಾನೆ ಹುಟ್ಟುವುದೇ ಇಲ್ಲ.

ರೋಗವೇನೋ ಹಳೆಯದೇ. ರಾಜದ್ರವ್ಯವನ್ನು ಅಧಿಕಾರಿಗಳು ಅಪಹರಿಸುವ ನಲವತ್ತು ಉಪಾಯಗಳನ್ನು ಕೌಟಿಲ್ಯನು ತನ್ನ ಅರ್ಥಶಾಸ್ತ್ರದಲ್ಲಿ ಎಣಿಸಿ ಇಟ್ಟಿದ್ದಾನೆ. ಸ್ವತಂತ್ರ ಭಾರತದಲ್ಲಿ 1951ರ ಕೈಗಾರಿಕಾ ಕಾಯಿದೆಯ ತರುವಾಯ ಲೈಸೆನ್ಸು, ಪರ್ಮಿಟ್ಟು, ಕೋಟಾಗಳ ಜಾಲ ಹಬ್ಬಿತು. 1962ರಲ್ಲಿ ನೇಮಕವಾದ ಸಂತಾನಂ ಸಮಿತಿಯು 1964ರಲ್ಲಿ ವರದಿಯನ್ನು ಒಪ್ಪಿಸಿತು. ಅದು ಗುರುತಿಸಿದ ಒಂದು ಸಂಗತಿ ಇಂದಿಗೂ ಮನನೀಯವಾಗಿದೆ: ಬಹುಮಟ್ಟಿಗೆ ಜನರು ಲಂಚ ಕೊಡುವುದು ಆಗಬಾರದ ಕೆಲಸವನ್ನು ಮಾಡಿಸಿಕೊಳ್ಳುವುದಕ್ಕಲ್ಲ, ಆಗಲೇಬೇಕಾದ ಕೆಲಸವನ್ನು ಬೇಗನೆ ಮಾಡಿಸಿಕೊಳ್ಳುವುದಕ್ಕೆ. ‘ಬಂಡಿಯ ಗಾಲಿಗೆ ಎಣ್ಣೆ ಹಾಕಿದರೆ ತಪ್ಪೇನು?’ ಎಂದು ಇದನ್ನು ಸಮರ್ಥಿಸುವವರುಂಟು. ಆದರೆ ಎಣ್ಣೆಯ ಆಸೆಗೆ ಬಿದ್ದವನು ಗಾಲಿಗೆ ತಾನೇ ಮರಳು ಸುರಿಯಲಾರಂಭಿಸುತ್ತಾನೆಂಬುದನ್ನು ಅವರು ಮರೆಯುತ್ತಾರೆ. ವಿಳಂಬದಿಂದ ಲಂಚ ಹುಟ್ಟುವಂತೆ ಲಂಚದಿಂದಲೂ ವಿಳಂಬ ಹುಟ್ಟುತ್ತದೆ.

ಸಂಡೂರಿನ ಕೆಂಪು ಮಣ್ಣು

ಈ ಮಾತು ಬರಿಯ ತರ್ಕವಲ್ಲವೆಂಬುದಕ್ಕೆ ಬಳ್ಳಾರಿ ಜಿಲ್ಲೆಯ ಸಂಡೂರು ಬೆಟ್ಟಗಳೇ ಸಾಕ್ಷಿ. ಅಲ್ಲಿಯ ಕಬ್ಬಿಣದ ಅದಿರು ಉತ್ತಮ ದರ್ಜೆಯದು. 2000ದ ಅನಂತರದ ವರ್ಷಗಳಲ್ಲಿ ಚೀನಾ ದೇಶದ ಉಕ್ಕಿನ ಕುಲುಮೆಗಳ ಹಸಿವು ಹೆಚ್ಚಿ ಅದಿರಿನ ಬೆಲೆ ಗಗನಕ್ಕೇರಿತು. ಹೊರದೇಶದಲ್ಲಿ ಟನ್ನಿಗೆ ಸಾವಿರಾರು ರೂಪಾಯಿ ತರುತ್ತಿದ್ದ ಅದಿರಿಗೆ 2009ರವರೆಗೂ ಸರ್ಕಾರಕ್ಕೆ ಸಲ್ಲುತ್ತಿದ್ದ ರಾಜಧನವು ಟನ್ನಿಗೆ 30 ರೂಪಾಯಿಯನ್ನೂ ಮುಟ್ಟುತ್ತಿರಲಿಲ್ಲ. ಆ ವರ್ಷದ ಆಗಸ್ಟಿನಲ್ಲಿ ಅದನ್ನು ಬೆಲೆಯ ಶೇಕಡ 10 ಎಂದು ಮಾರ್ಪಡಿಸಲಾಯಿತು. ಬೆಲೆಗೂ ರಾಜಧನಕ್ಕೂ ನಡುವೆ ಇಷ್ಟು ದೊಡ್ಡ ಕಂದರವಿದ್ದರೆ ಅದರೊಳಗೆ ಏನೇನು ಸೇರಿಕೊಳ್ಳಬಹುದೆಂಬುದನ್ನು ವಾಚಕರು ಊಹಿಸಬಹುದು.

ಗುತ್ತಿಗೆಯ ಗಡಿಗಲ್ಲುಗಳು ಇದ್ದಲ್ಲಿ ಇರಲಿಲ್ಲ. ಅಗೆತವು ಅರಣ್ಯದೊಳಕ್ಕೆ ಹಬ್ಬಿತು. ಮಿತಿಮೀರಿದ ಭಾರ ಹೊತ್ತ ಲಾರಿಗಳು ಹಗಲಿರುಳೆನ್ನದೆ ಬಂದರುಗಳ ಕಡೆಗೆ ಸಾಲುಗಟ್ಟಿದವು. ರಸ್ತೆಗಳು ಹಳ್ಳಗಳಾದವು, ದಾರಿಯ ಬದಿಯ ಹೊಲಗಳ ಬೆಳೆಯ ಮೇಲೆ ಕೆಂಪು ಧೂಳು ಕುಳಿತಿತು. ಕರ್ನಾಟಕ ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರು 2008ರ ಡಿಸೆಂಬರಿನಲ್ಲಿ ಮೊದಲನೆಯ ವರದಿಯನ್ನೂ 2011ರ ಜುಲೈಯಲ್ಲಿ ಎರಡನೆಯ ವರದಿಯನ್ನೂ ಸರ್ಕಾರಕ್ಕೆ ಒಪ್ಪಿಸಿದರು. 2006ರಿಂದ 2010ರವರೆಗೆ ಬೊಕ್ಕಸಕ್ಕೆ ಆದ ನಷ್ಟವನ್ನು ಎರಡನೆಯ ವರದಿಯು 16,085 ಕೋಟಿ ರೂಪಾಯಿಯೆಂದು ಅಂದಾಜು ಮಾಡಿತು. ಸುಮಾರು 3 ಕೋಟಿ ಟನ್ ಅದಿರು ಪರವಾನಗಿಯಿಲ್ಲದೆಯೇ ಹಡಗೇರಿದುದಾಗಿ ಅದರಲ್ಲಿ ಹೇಳಿದೆ.

ಆ ವರದಿಯಲ್ಲಿ ವಿವರಿಸಲಾದ ಒಂದು ಏರ್ಪಾಟು ವ್ಯಾಪಾರದ ದೃಷ್ಟಿಯಿಂದ ವಿಶೇಷವಾಗಿ ಗಮನಾರ್ಹವಾದುದು. ಅದನ್ನು ‘ಅಪಾಯವಿಲ್ಲದ ವ್ಯವಸ್ಥೆ’ ಎನ್ನಬಹುದು. ಅದಿರಿನ ವಹಿವಾಟಿನಲ್ಲಿ ಕೇಳಿದ ಪಾಲನ್ನು ಒಪ್ಪಿಸಿದವನಿಗೆ ಪರ್ಮಿಟ್ಟು ಇಲ್ಲದಿದ್ದರೂ ಹಾದಿಯಲ್ಲಿ ತಡೆಯಿಲ್ಲ, ತನಿಖೆಯಿಲ್ಲ. ಕಾನೂನಿನಂತೆ ಪರ್ಮಿಟ್ಟು ಪಡೆದು, ತೂಕ ಹಾಕಿಸಿ, ರಾಜಧನ ಕಟ್ಟಿ ಸಾಗಿಸುವವನ ಖರ್ಚು ಹೆಚ್ಚು. ಅದಾವುದೂ ಇಲ್ಲದವನ ಖರ್ಚು ಕಡಿಮೆ. ಒಂದೇ ಬಂದರಿನಲ್ಲಿ ಒಂದೇ ಬೆಲೆಗೆ ಇಬ್ಬರೂ ಮಾರಬೇಕಾದಾಗ ಗೆಲ್ಲುವವನು ಯಾರು? ಗಣಿಯನ್ನು ಚೆನ್ನಾಗಿ ನಡೆಸಬಲ್ಲವನಲ್ಲ, ಬಾಗಿಲುಗಳನ್ನು ಚೆನ್ನಾಗಿ ತೆರೆಯಿಸಬಲ್ಲವನು. ಬೇಲಿಯೇ ಎದ್ದು ಹೊಲ ಮೇಯ್ದಾಗ ನಷ್ಟವಾಗುವುದು ಬೆಳೆ ಮಾತ್ರವಲ್ಲ. ಬೆಳೆಯಬೇಕೆಂಬ ಉತ್ಸಾಹವೇ ಬತ್ತಿಹೋಗುತ್ತದೆ.

ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಧಾರವಾಡದ ಸಮಾಜ ಪರಿವರ್ತನ ಸಮುದಾಯವು ಎಸ್. ಆರ್. ಹಿರೇಮಠ ಅವರ ಮುಂದಾಳುತನದಲ್ಲಿ ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಿತು. 2011ರ ಜುಲೈ 29ರಂದು ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೂ ಆ ಆಜ್ಞೆ ವಿಸ್ತರಿಸಿತು. ಕೇಂದ್ರ ಸರ್ಕಾರದ ಎನ್.ಎಂ.ಡಿ.ಸಿ. ಸಂಸ್ಥೆಗೆ ಮಿತವಾದ ಪ್ರಮಾಣದಲ್ಲಿ ಅದಿರು ತೆಗೆಯಲು ಅನುಮತಿ ದೊರೆತುದನ್ನು ಬಿಟ್ಟರೆ ಬೆಟ್ಟಗಳು ನಿಶ್ಶಬ್ದವಾದವು.

ಈ ಆಜ್ಞೆ ಅನಿವಾರ್ಯವಾಗಿದ್ದಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದರ ಬಿಸಿ ತಟ್ಟಿದುದು ಯಾರಿಗೆ? ಗಡಿ ದಾಟದೆ ಅಗೆದ ಗಣಿಗೂ ಗಡಿಯನ್ನೇ ನುಂಗಿದ ಗಣಿಗೂ ಒಂದೇ ದಿನ ಬೀಗ ಬಿದ್ದಿತು. ತೋರಣಗಲ್ಲಿನ ಬೃಹತ್ ಉಕ್ಕಿನ ಕಾರ್ಖಾನೆ ಅದಿರಿಲ್ಲದೆ ಉತ್ಪಾದನೆಯನ್ನು ತಗ್ಗಿಸಬೇಕಾಯಿತು. ಅದಿರನ್ನೇ ನಂಬಿದ್ದ ಚಿಕ್ಕ ಕಬ್ಬಿಣದ ಘಟಕಗಳು ಕುಂಟಿದವು. ಸಾಲ ಮಾಡಿ ಲಾರಿ ಕೊಂಡಿದ್ದವರು ಕಂತು ಕಟ್ಟಲಾರದೆ ಕಂಗೆಟ್ಟರು. ಚಾಲಕ, ಕ್ಲೀನರು, ಟೈರಿನ ಅಂಗಡಿಯವನು, ಹೆದ್ದಾರಿಯ ಹೋಟೆಲಿನವನು, ಹೀಗೆ ಲಂಚದ ಪಾಲಿನಲ್ಲಿ ಒಂದು ಕಾಸನ್ನೂ ಕಾಣದವರೆಲ್ಲ ಅದರ ದಂಡದಲ್ಲಿ ಪಾಲುದಾರರಾದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆ ಇಷ್ಟು ಕ್ರೂರವಾಗಿ ಸತ್ಯವಾದುದು ವಿರಳ.

ಅನಂತರ ಗುತ್ತಿಗೆಗಳನ್ನು ಅಳೆದು, ತಪ್ಪಿಲ್ಲದ ಅಥವಾ ಅಲ್ಪ ತಪ್ಪಿನವು, ಮಧ್ಯಮವಾದವು, ಘೋರ ಅತಿಕ್ರಮಣದವು ಎಂದು ಮೂರು ವರ್ಗಗಳಾಗಿ ವಿಂಗಡಿಸಲಾಯಿತು. ಮೊದಲ ವರ್ಗದ ಕೆಲವು ಗಣಿಗಳಿಗೆ 2012ರ ಸೆಪ್ಟೆಂಬರಿನಲ್ಲಿ ಅನುಮತಿ ದೊರೆಯಿತು. 2013ರ ಏಪ್ರಿಲ್ ತಿಂಗಳ ತೀರ್ಪಿನಲ್ಲಿ ಕೊನೆಯ ವರ್ಗದ ಗುತ್ತಿಗೆಗಳು ರದ್ದಾದವು. ತಪ್ಪಿಲ್ಲದವರೂ ತಾವು ತಪ್ಪಿಲ್ಲದವರೆಂದು ಸಿದ್ಧವಾಗುವವರೆಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ಕಾಯಬೇಕಾಯಿತು. ಪಕ್ಕದವನ ಲಂಚವನ್ನು ಕಂಡೂ ‘ನಮಗೇಕೆ?’ ಎಂದು ಸುಮ್ಮನಿರುವ ವ್ಯಾಪಾರಿಗಳು ನೆನಪಿಡಬೇಕಾದ ಪಾಠವಿದು.

ಮದ್ದೆಲ್ಲಿದೆ?

ಉಪದೇಶದಿಂದ ಲಂಚ ನಿಲ್ಲುವುದಾಗಿದ್ದರೆ ನಮ್ಮ ನಾಡಿನಲ್ಲಿ ಅದು ಎಂದೋ ನಿಂತುಹೋಗಬೇಕಾಗಿತ್ತು. ದಂಡನೆ ಅವಶ್ಯವೇ, ಆದರೆ ದಂಡನೆಯೊಂದೇ ಸಾಲದು. ಲಂಚ ಹುಟ್ಟುವ ಸ್ಥಳ ಯಾವುದೆಂದು ಅರಿತು ಅದನ್ನು ಕಿರಿದುಗೊಳಿಸಬೇಕು. ಅಧಿಕಾರಿಯ ಇಷ್ಟಾನಿಷ್ಟ, ಕಾಲದ ಅನಿಶ್ಚಿತತೆ, ಕಡತದ ಗೋಪ್ಯತೆ, ಈ ಮೂರೂ ಕೂಡಿದಲ್ಲಿ ಲಂಚ ಹುಟ್ಟುತ್ತದೆ.

ಇಷ್ಟಾನಿಷ್ಟವನ್ನು ಕಿರಿದುಗೊಳಿಸುವ ಉಪಾಯವನ್ನು ಬಳ್ಳಾರಿಯೇ ತೋರಿಸಿತು. ನ್ಯಾಯಾಲಯದ ಆಜ್ಞೆಯಂತೆ ಅಲ್ಲಿಯ ಅದಿರನ್ನು ಉಸ್ತುವಾರಿ ಸಮಿತಿಯ ಮೂಲಕ ವಿದ್ಯುನ್ಮಾನ ಹರಾಜಿನಲ್ಲಿ ಮಾರಲಾಯಿತು. ಯಾರು ಎಷ್ಟಕ್ಕೆ ಕೂಗಿದರೆಂಬುದು ಬಯಲಾದ ಮೇಲೆ ಬೆಲೆಯನ್ನು ಮರೆಮಾಚುವುದು ಕಷ್ಟ. ಪರಿಸ್ಥಿತಿ ಸುಧಾರಿಸಿದುದನ್ನು ಮನಗಂಡು 2022ರ ಮೇ ತಿಂಗಳಲ್ಲಿ ನ್ಯಾಯಾಲಯವು ಈ ನಿರ್ಬಂಧವನ್ನು ಸಡಿಲಿಸಿತು. 2015ರಲ್ಲಿ ಕೇಂದ್ರದ ಗಣಿ ಕಾಯಿದೆಯು ತಿದ್ದುಪಡಿಯಾಗಿ, ಗುತ್ತಿಗೆಗಳನ್ನೂ ಅರ್ಜಿಯ ಮೇಲಲ್ಲದೆ ಹರಾಜಿನ ಮೂಲಕವೇ ಕೊಡಬೇಕೆಂದಾಯಿತು. ಅರ್ಜಿಯನ್ನು ಮೆಚ್ಚಿಸಲು ಅಧಿಕಾರಿ ಬೇಕು. ಹರಾಜಿನಲ್ಲಿ ಗೆಲ್ಲಲು ಹಣವೂ ಹವಣೂ ಬೇಕು.

ಗೋಪ್ಯತೆಗೆ ಮದ್ದು ‘ಭೂಮಿ’ ಯೋಜನೆ. ಪಹಣಿಗಾಗಿ ರೈತರು ಗ್ರಾಮಲೆಕ್ಕಿಗರನ್ನು ಹುಡುಕಿಕೊಂಡು ಅಲೆಯುತ್ತಿದ್ದ ಕಾಲವೊಂದಿತ್ತು. 2000ದ ಸುಮಾರಿಗೆ ರಾಜ್ಯದ ಎರಡು ಕೋಟಿಯಷ್ಟು ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿ, ತಾಲ್ಲೂಕು ಕೇಂದ್ರದಲ್ಲಿ 15 ರೂಪಾಯಿ ಶುಲ್ಕಕ್ಕೆ ಯಾರು ಬೇಕಾದರೂ ಪಡೆಯುವಂತೆ ಮಾಡಲಾಯಿತು. ಕಾಲದ ಅನಿಶ್ಚಿತತೆಗೆ ಮದ್ದು 2011ರ ‘ಸಕಾಲ’ ಕಾಯಿದೆ. ಕೆಲಸಕ್ಕೆ ಇಂತಿಷ್ಟು ದಿನವೆಂದು ಗೊತ್ತುಮಾಡಿ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಅರ್ಜಿದಾರನಿಗೆ ಪರಿಹಾರ ಸಲ್ಲಬೇಕೆಂದು ಅದು ವಿಧಿಸಿತು. ಮೊತ್ತ ಅಲ್ಪವಾದರೂ ತತ್ತ್ವ ದೊಡ್ಡದು: ವಿಳಂಬದ ಬೆಲೆಯನ್ನು ಅರ್ಜಿದಾರನಲ್ಲ, ಕಚೇರಿ ತೆರಬೇಕು. ಯಂತ್ರವೊಂದೇ ಎಲ್ಲವನ್ನೂ ನೆಟ್ಟಗೆ ಮಾಡೀತೆಂಬ ಭ್ರಮೆ ಬೇಡ. ಕೌಂಟರಿನ ಮುಂದೆ ಮುಚ್ಚಿದ ಕೈ ಹಿಂಬಾಗಿಲಿನಲ್ಲಿ ದಲ್ಲಾಳಿಯ ರೂಪದಲ್ಲಿ ಚಾಚಿಕೊಳ್ಳಬಹುದು. ಆದುದರಿಂದ ಕಾವಲೂ ಎಚ್ಚರವಾಗಿರಬೇಕು.

ಆ ಕಾವಲಿನ ವಿಷಯದಲ್ಲಿ ನಮ್ಮ ನಡೆ ಎಡವಿದುದೂ ಉಂಟು. 1984ರ ಕಾಯಿದೆಯಿಂದ ಹುಟ್ಟಿ ಹೆಸರು ಗಳಿಸಿದ ಲೋಕಾಯುಕ್ತದ ತನಿಖಾಧಿಕಾರವನ್ನು 2016ರಲ್ಲಿ ಸರ್ಕಾರದ ಅಧೀನದ ಭ್ರಷ್ಟಾಚಾರ ನಿಗ್ರಹ ದಳಕ್ಕೆ ವರ್ಗಾಯಿಸಲಾಯಿತು. 2022ರ ಆಗಸ್ಟಿನಲ್ಲಿ ಉಚ್ಚ ನ್ಯಾಯಾಲಯವು ಆ ದಳವನ್ನು ರದ್ದುಪಡಿಸಿ ಅಧಿಕಾರವನ್ನು ಲೋಕಾಯುಕ್ತಕ್ಕೆ ಮರಳಿಸಿತು. ಕಾವಲುಗಾರನನ್ನು ಕಳ್ಳನ ಮನೆಯವರೇ ನೇಮಿಸುವಂತಾದರೆ ಊರು ನಿದ್ದೆಮಾಡಲಾರದು. 1974ರಲ್ಲಿ ಹಾಂಗ್‌ಕಾಂಗಿನಲ್ಲಿ ಸ್ಥಾಪಿತವಾದ ಸ್ವತಂತ್ರ ಆಯೋಗವು ತಪ್ಪಿತಸ್ಥರನ್ನು ಹಿಡಿಯುವ ಕೆಲಸದೊಡನೆ, ಕಚೇರಿಗಳ ಕಾರ್ಯವಿಧಾನವನ್ನು ತಿದ್ದುವ ಮತ್ತು ಜನರಲ್ಲಿ ಅರಿವು ಮೂಡಿಸುವ ಕೆಲಸಗಳಿಗೂ ಬೇರೆ ಬೇರೆ ವಿಭಾಗಗಳನ್ನು ಇಟ್ಟುಕೊಂಡಿದೆ. ಖಾಸಗಿ ವ್ಯಾಪಾರದೊಳಗಿನ ಲಂಚವನ್ನೂ ಅದು ವಿಚಾರಿಸುತ್ತದೆ. ಈ ಮೂರು ಕೆಲಸಗಳೂ ಒಟ್ಟಿಗೆ ನಡೆಯಬೇಕೆಂಬುದು ಅಲ್ಲಿಂದ ಕಲಿಯಬೇಕಾದ ಅಂಶ.

ವರ್ತಕರ ಹೊಣೆ

ಎಲ್ಲವನ್ನೂ ಸರ್ಕಾರದ ಮೇಲೆ ಹೊರಿಸಿ ವ್ಯಾಪಾರಿ ಕೈತೊಳೆದುಕೊಳ್ಳುವಂತಿಲ್ಲ. 2018ರ ತಿದ್ದುಪಡಿಯ ಪ್ರಕಾರ ಲಂಚ ಕೊಟ್ಟವನೂ ಅಪರಾಧಿಯೇ. ಏಳು ವರ್ಷಗಳವರೆಗೆ ಶಿಕ್ಷೆಯಾಗಬಹುದು. ಬಲವಂತಕ್ಕೆ ಸಿಕ್ಕಿ ಕೊಟ್ಟವನು ಏಳು ದಿನಗಳೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದರೆ ಅವನಿಗೆ ರಕ್ಷಣೆಯುಂಟು. ತನ್ನ ಪರವಾಗಿ ಯಾರಾದರೂ ಲಂಚ ಕೊಟ್ಟರೆ ವಾಣಿಜ್ಯ ಸಂಸ್ಥೆಯೂ ಹೊಣೆಯಾಗುತ್ತದೆ. ಅದನ್ನು ತಡೆಯಲು ತಕ್ಕ ಏರ್ಪಾಟು ಮಾಡಿದ್ದಿತೆಂದು ಸಿದ್ಧಪಡಿಸಬೇಕಾದುದು ಆ ಸಂಸ್ಥೆಯ ಕೆಲಸ. ಏಳು ದಿನಗಳ ಈ ಅವಕಾಶ ಎಷ್ಟು ಜನ ಅಂಗಡಿಕಾರರಿಗೆ ಗೊತ್ತು? ಊರೂರಿನ ವರ್ತಕರ ಸಂಘಗಳು ಇದನ್ನು ಕನ್ನಡದಲ್ಲಿ ಅಚ್ಚುಮಾಡಿಸಿ ಪ್ರತಿ ಮಳಿಗೆಯ ಗೋಡೆಗೆ ಅಂಟಿಸಬಹುದು. ಒಬ್ಬನೇ ನಿಂತು ‘ಕೊಡೆನು’ ಎಂದವನ ಕಡತ ಧೂಳು ತಿನ್ನಬಹುದು. ಪೇಟೆಯೆಲ್ಲ ಒಟ್ಟಾಗಿ ಹಾಗೆಂದರೆ ಎಷ್ಟು ಕಡತಗಳನ್ನು ತಾನೆ ಅಡಗಿಸಿಡಲಾದೀತು?

ಹನ್ನೆರಡನೆಯ ಶತಮಾನದ ಶರಣೆ ಆಯ್ದಕ್ಕಿ ಲಕ್ಕಮ್ಮನು, ಗಂಡ ಮಾರಯ್ಯನು ಅಂದಿನ ಅಗತ್ಯಕ್ಕಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಹಿಂದಕ್ಕೆ ಹಾಕಿ ಬರುವಂತೆ ಹೇಳಿದಳೆಂಬ ಕಥೆ ಕನ್ನಡಿಗರಿಗೆಲ್ಲ ಪರಿಚಿತ. ಇಂದಿನ ವ್ಯಾಪಾರಿಯಿಂದ ಅಷ್ಟು ವೈರಾಗ್ಯವನ್ನು ಯಾರೂ ಬಯಸುವುದಿಲ್ಲ. ಲಾಭ ಬೇಕು, ನ್ಯಾಯವಾದ ಲಾಭ ಹೆಚ್ಚಾಗಿಯೇ ಬರಲಿ. ಆದರೆ ಪಡೆದುದಕ್ಕೂ ಕೊಟ್ಟುದಕ್ಕೂ ಖಾತೆಯಲ್ಲಿ ಹೆಸರಿರಲಿ. ಮಗನ ಕೈಗೆ ಅಂಗಡಿಯ ಬೀಗದ ಕೈಯೊಡನೆ ಖಾತೆಪುಸ್ತಕವನ್ನೂ ಅಳುಕಿಲ್ಲದೆ ಒಪ್ಪಿಸಬಲ್ಲ ತಂದೆಯೇ ನಿಜವಾಗಿ ಲಾಭ ಗಳಿಸಿದ ವ್ಯಾಪಾರಿ.